ಕುರಿಗಳಿಗೆ ಹೇಳಿದ ಎಚ್ಚರಿಕೆ

ಸಿಡ್ನಿಯ ಸ್ಕೋಫೀಲ್ಡ್ಸ್ ಬಿಟ್ಟು ಮೆಲ್ಬರ್ನಿನ ಟಾರ್ನೀಟ್‌ಗೆ ಬಂದ ಮೊದಲ ಚಳಿಗಾಲ. ಮಗಳು ಹಿಮವನ್ನೇ ಕಂಡಿರಲಿಲ್ಲ. ಒಂದು ಶನಿವಾರ ದೇವರಿಗೆ ದೀಪ ಹಚ್ಚಿ, ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೂವರೂ ಬೆಟ್ಟದ ಕಡೆ ಹೊರಟೆವು.

ದಾರಿಯಲ್ಲಿ ರೇಡಿಯೊ ಹವಾಮಾನ ಹೇಳಿತು: ಕೊರೆಯುವ ಗಾಳಿ, ಮಳೆ, ಕುರಿ ಸಾಕುವವರು ಎಚ್ಚರದಿಂದಿರಬೇಕು. ನಮ್ಮವರು ನಕ್ಕರು.

"ಕೇಳಿದೇನ? ಕುರಿಗೆ ವಾರ್ನಿಂಗ್ ಅಂತ. ನಾವೇನ್ ಕುರಿ ಕಾಯಾಕ ಹೊಂಟೇವೇನು?"

"ನೀವ್ ಕಾಯೂದೇನ್ ಬ್ಯಾಡ್ರಿ, ನೀವು ಹಿಂಡಿನಾಗ ಇದ್ದೀರಿ" ಎಂದು ನಾನು ಚಾನೆಲ್ ತಿರುಗಿಸಿ ಭಜನೆ ಹಾಕಿದೆ. ಬೆಟ್ಟದ ರಸ್ತೆಗಳ ಬಗ್ಗೆ ಆಮೇಲೆ ಏನು ಹೇಳಿದರೋ, ನಾವು ಕೇಳಲಿಲ್ಲ.

ಬೆಟ್ಟದ ನಡುವೆ, ಹಿಮದಲ್ಲಿ ಜಾರದಂತೆ ಟೈರಿಗೆ ಸರಪಳಿ ಕಟ್ಟಿಕೊಳ್ಳಲೆಂದೇ ರಸ್ತೆ ಬದಿಗೆ ಬಿಟ್ಟ ಜಾಗದಲ್ಲಿ ಕಾರು ನಿಲ್ಲಿಸಿದೆವು. ಒಳ್ಳೆಯ ಬಿಸಿಲು. ಅವರು ಹಿಂದಿನ ಗಾಲಿಯ ಹತ್ತಿರ ಕುಳಿತು ಸರಪಳಿಯ ಗಂಟು ಬಿಡಿಸುತ್ತಿದ್ದರು. ಪಕ್ಕದಲ್ಲೇ ಮಗಳು ಹಿಮದ ಉಂಡೆ ಕಟ್ಟುತ್ತಿದ್ದಳು. ನಾನು ಒಳಗೆ ಚಪಾತಿಗೆ ಚಟ್ನಿ ಸವರುತ್ತಿದ್ದೆ. ತಲೆ ಎತ್ತಿದರೆ ಹೊರಗೆ ಏನೂ ಇರಲಿಲ್ಲ. ಮರವಿಲ್ಲ, ರಸ್ತೆಯಿಲ್ಲ, ನಮ್ಮದೇ ಕಾರಿನ ಬಾನೆಟ್ಟಿಲ್ಲ. ಗಾಜಿಗೆ ಯಾರೋ ಬಿಳಿ ಧೋತರ ಹೊದಿಸಿದಂತಿತ್ತು.

ಇಳಿದೆ. ಹಿಮ ಹೊತ್ತ ಗಾಳಿ ಉಸಿರನ್ನೇ ಕಿತ್ತುಕೊಂಡಿತು. ಕಾರನ್ನು ಸವರುತ್ತ ಹಿಂದೆ ಹೋದರೆ ಅವರು ಕೈಗೆ ಸಿಕ್ಕರು. "ಇಲ್ಲೇ ಇದ್ಲು, ಈಗಿನ್ನ ಇಲ್ಲೇ ಇದ್ಲು" ಎನ್ನುತ್ತಿದ್ದರು. ಹುಡುಕಲು ಓಡಲಿದ್ದವರ ಜಾಕೆಟ್ ಹಿಡಿದು ಜಗ್ಗಿದೆ.

"ನೀವೂ ಕಳದ್ರ ನಾ ಯಾರನ್ನ ಹುಡುಕ್ಲಿ? ಕಾರ್ ಬಿಡಬ್ಯಾಡ್ರಿ. ಅಕಿ ಹೆಸರ್ ಹಿಡದು ಒದರ್ರಿ."

ನಾನು ಒಳಗೆ ನುಗ್ಗಿ ಹಾರ್ನಿನ ಮೇಲೆ ಎರಡೂ ಅಂಗೈ ಊರಿದೆ. ದಿನವೂ ಜಪಿಸುವ ನಾಮ ಆಗ ನಾಲಿಗೆಗೆ ಬರಲಿಲ್ಲ. ರಸ್ತೆಯ ಕಡೆ ಯಾವುದೋ ಗಾಡಿಯ ಹಳದಿ ದೀಪ ಮಿಟುಕುತ್ತ, ತೀರ ನಿಧಾನವಾಗಿ ಸರಿದುಹೋಯಿತು. ಅದು ದಾಟಿದ ಮೇಲೆ, ಸರಿಯಾಗಿ ಅದೇ ಕಡೆಯಿಂದ, ಮಗಳು ಬಂದು ಗಾಜು ಬಡಿದಳು. ಕೈಯಲ್ಲಿ ಇನ್ನೂ ಉಂಡೆಯಿತ್ತು.

"ಅಮ್ಮಾ, ಸ್ಟಾಪ್ ಇಟ್. ಇಟ್ಸ್ ಸೋ ಲೌಡ್."

ಅವಳು ರಸ್ತೆಯ ಮೇಲಿದ್ದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ. ದೀಪ ಹಾಕಿಕೊಂಡು ಮೂವರೂ ಒಳಗೆ ಕುಳಿತೆವು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಬಿಸಿಲು ಬಿತ್ತು. ಚಪಾತಿ ಯಾರೂ ಮುಟ್ಟಲಿಲ್ಲ. ಅಲ್ಲಿಂದಲೇ ಕೆಳಗಿಳಿದೆವು.

ಆ ಗಾಡಿಯವರು ಯಾರೋ, ನಿಧಾನ ಬಂದರು. ದಿನವೂ ದೀಪ ಹಚ್ಚುವಾಗ ಅವರನ್ನು ನೆನೆಯುತ್ತೇನೆ.

ಈಗ ರೇಡಿಯೊದಲ್ಲಿ ಕುರಿಗಳ ಮಾತು ಬಂದರೆ ನಮ್ಮವರು ಕೈಸನ್ನೆ ಮಾಡುತ್ತಾರೆ, ನಾನು ಮಿಕ್ಸರ್ ನಿಲ್ಲಿಸುತ್ತೇನೆ. "ವಿ ಡೋಂಟ್ ಈವನ್ ಹ್ಯಾವ್ ಶೀಪ್" ಎನ್ನುತ್ತಾಳೆ ಮಗಳು.

"ಸುಮ್ನಿರವಾ" ಎನ್ನುತ್ತಾರೆ ಅವರು, "ನಮಗ ಹೇಳಾಕತ್ತಾರ."