ಮುಸ್ಸಂಜೆಯ ಹಾಜರಿ

ಯಲಬುರ್ಗಾ ಕಡೆಯ ಒಂದು ಸಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದೆ. ಸಾಲೆ ತೆರೆದಾಗ ಕರೆಯುತ್ತಿದ್ದರು, ಪರೀಕ್ಷೆ ಮುಗಿದೊಡನೆ ಮನೆಗೆ ಕಳಿಸುತ್ತಿದ್ದರು. ವರ್ಷ ವರ್ಷವೂ ಹೊಸದಾಗಿ ಬಾಗಿಲು ಬಡಿದು ಬಡಿದು ರೋಸಿಹೋಗಿ, ಒಂದು ಡಿಪ್ಲೊಮಾ ಮಾಡಿಕೊಂಡು ಕೊಪ್ಪಳದಾಚೆಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಎಚ್.ಆರ್. ಕೆಲಸಕ್ಕೆ ಸೇರಿದೆ.

ಹಾಗೆಂದರೇನು ಎಂದು ಅತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. “ಮಂದೀನ ಕೆಲಸಕ್ಕ ತಗೊಳ್ಳೂದು, ರಜಾ ನೋಡೂದು, ಜಗಳ ಬಿಡಸೂದು” ಎಂದೆ.

“ಅಂದ್ರ ಸಾಲೀ ಕೆಲಸಾನ ಆತಲ್ಲವಾ. ಹುಡುಗ್ರಿಗೆ ಮೀಸಿ ಬಂದಾವು, ಅಷ್ಟ” ಎಂದರು ಅತ್ತೆ.

ಅವರು ಹೇಳಿದ್ದೇ ಸರಿ. ಕಾರ್ಮಿಕರೂ ಸಾಲೆಯ ಮಕ್ಕಳಂತೆ ನನ್ನನ್ನು ‘ಅಕ್ಕಾರ’ ಎಂದೇ ಕರೆಯತೊಡಗಿದರು. ನನಗೆ ಅದು ಹಿತವಾಗಿಯೇ ಇತ್ತು.

ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ದಿನ ಹೊತ್ತು ಮುಳುಗುವಾಗ ಸೈರನ್ ಕೂಗಿತು. ಕುಲುಮೆಯ ಕಡೆ ಗ್ಯಾಸ್ ಸೋರಿತ್ತು. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲೇ ಬಂದು ನಿಂತರೂ ಗೊತ್ತಾಗುವುದಿಲ್ಲ. ಎಲ್ಲರೂ ಓಡಿಬಂದು ಬೇವಿನ ಮರಗಳ ಕೆಳಗೆ ಸಾಲಾಗಿ ನಿಂತರು. ಸುರಕ್ಷತೆಯ ಅಧಿಕಾರಿ ನನ್ನ ಕೈಗೆ ಮೈಕು ಕೊಟ್ಟು, “ಹಾಜರಿ ಕರೀರಿ ಮೇಡಂ. ಒಬ್ಬ ಕಡಿಮಿ ಇದ್ರೂ ಮುಖಕ್ಕ ಮಾಸ್ಕ್ ಹಾಕ್ಕೊಂಡು ಒಳಗ ಹೋಗಬೇಕು. ಎಲ್ಲಾರೂ ಅದಾರ ಅಂದ್ರ ಗ್ಯಾಸ್ ಇಳಿಯೂತನಕ ಯಾರನ್ನೂ ಕಳಸೂದಿಲ್ಲ” ಎಂದರು.

ಹಗಲಿರುಳು ಗುಡುಗುವ ಜಾಗ ಅದು. ಯಂತ್ರಗಳೆಲ್ಲ ನಿಂತಾಗ ನನ್ನ ಬಳೆಯ ಸದ್ದು ನನಗೇ ಕೇಳಿಸಿತು. ಮಸಿ ಹಿಡಿದ ಬೇವಿನೆಲೆ ಒಂದೂ ಅಲುಗಲಿಲ್ಲ. ಹೆಸರು ಕರೆದಂತೆ “ಅದೀನ್ರಿ, ಅದೀನ್ರಿ” ಎನ್ನುತ್ತ ಹೋದರು. ಮಸುಕಿನಲ್ಲಿ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ.

ಒಂದು ಹೆಸರಿಗೆ ಯಾರೂ ಓಗೊಡಲಿಲ್ಲ. ಹುಲಿಹೈದರ ಕಡೆಯ ಹುಡುಗನ ಹೆಸರು ಅದು. ಹಿಂದಿನ ವಾರವಷ್ಟೇ ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ನನ್ನ ಹತ್ತಿರ ರಜೆ ಕೇಳಿ ಹೋಗಿದ್ದ. ಮತ್ತೆ ಕರೆದೆ. ನನ್ನ ದನಿ ಖಾಲಿ ಶೆಡ್ಡಿಗೆ ಬಡಿದು ಅವನ ಹೆಸರನ್ನೇ ಹೊತ್ತು ತಿರುಗಿ ಬಂತು. ಮೂರನೆಯ ಸಲ ಕರೆದಾಗ ಹಿಂದಿನ ಸಾಲಿನಿಂದ “ಅದೀನ್ರಿ” ಎಂದು ಬಂತು.

ಜೀವ ನಿರಾಳವಾಗಬೇಕಿತ್ತು, ಆಗಲಿಲ್ಲ. ಆ ದನಿ ಸ್ವಲ್ಪ ಮುಂಚೆ ಬೇರೊಂದು ಹೆಸರಿಗೂ ಬಂದಿತ್ತು. ಸಾಲೆಯಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಹೇಳುವ ಹುಡುಗರನ್ನು ಬರೀ ಕಿವಿಯಿಂದಲೇ ಹಿಡಿದವಳು ನಾನು.

“ಈಗ ಅಂದವರು ಕೈ ಎತ್ತರಿ” ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ದನಿ ಬಂದ ಕಡೆ ಹೋದೆ. ಅವನದೇ ಓಣಿಯ ಗೆಳೆಯ ನಿಂತಿದ್ದ.

“ನಾನ ಅಂದೆರಿ ಅಕ್ಕಾರ. ದೀಪಾ ಹಚ್ಚೂ ಹೊತ್ತಿನ್ಯಾಗ ಮೂರು ಸಲ ಕರದ ಹೆಸರು ಖಾಲಿ ಬಿಡಬಾರದ್ರಿ. ಮಂದಿ ಓ ಅನ್ನಲಿಲ್ಲಂದ್ರ ಬ್ಯಾರೆದ್ದು ಓ ಅಂತೈತಿ. ನಮ್ಮ ಮನ್ಯಾಗ ಯಾರರ ಇಲ್ಲದಿದ್ರ ಇದ್ದವ್ರು ಓ ಅಂತೀವಿ.”

“ನಿನ್ನ ಓ ಸುಡ್ಲಿ! ಅಂವ ಎಲ್ಲದಾನ?”

“ಅಂವ ನನ್ನ ಹಿಂದನ ಇದ್ದ ರೀ. ಹೊರಗ ಬಂದು ನೋಡಿದ್ರ ಇಲ್ಲ.”

ಮೈಕು ಬಿಸಾಕಿ ಅಧಿಕಾರಿಯ ಕಡೆ ಓಡಿದೆ. ಮಾಸ್ಕಿನವರು ಒಳಗೆ ಹೋದರು. ಹೊರಗೆ ಕತ್ತಲಾಯಿತು. ಅವನನ್ನು ಹೊತ್ತು ತಂದಾಗ ಗೆಳೆಯ ನೆಲಕ್ಕೆ ಕುಸಿದು ಅತ್ತ. ಉಸಿರಿತ್ತು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ಆ ಗೆಳೆಯ ಎಳನೀರು ಹಿಡಿದು ನಿಂತಿದ್ದ. ಮಲಗಿದ್ದವನು ನನ್ನನ್ನು ನೋಡಿ ಮೆಲ್ಲಗೆ ಹೇಳಿದ.

“ಅಕ್ಕಾರ, ನೀವು ಕರದಿದ್ದು ಕೇಳಿತ್ರಿ. ಕೈಕಾಲು ಏಳಲಿಲ್ಲ, ಬಾಯಿ ಬರಲಿಲ್ಲ. ಇನ್ನೊಮ್ಮೆ ಕರೀತಾರ, ಹುಡುಕ್ಕೊಂಡು ಬರ್ತಾರ ಅಂತ ಬಿದ್ದಿದ್ನಿ. ಅಷ್ಟರಾಗ ಹೊರಗ ನನ್ನ ಹೆಸರಿಗೆ ‘ಅದೀನ್ರಿ’ ಅಂತ ಕೇಳಿತು. ನಾ ಹೊರಗ ಅದೀನಿ ಅಂದ್ರ ಇಲ್ಲಿ ಬಿದ್ದಾಂವ ಯಾರು? ಸತ್ತೇನಿ ಅಂತ ತಿಳ್ಕೊಂಡು ಕಣ್ಣು ಮುಚ್ಚಿಬಿಟ್ನಿರಿ.”

ಗೆಳೆಯನ ಕೈಯ ಎಳನೀರು ತುಳುಕಿ ಹಾಸಿಗೆಯ ಮೇಲೆ ಚೆಲ್ಲಿತು.

ಗುಣವಾಗಿ ಅವನು ಈಗ ಮತ್ತೆ ಕೆಲಸಕ್ಕೆ ಬರುತ್ತಾನೆ. ನಾನು ಮುಖ ನೋಡದೆ ಯಾರ ಹಾಜರಿಯನ್ನೂ ಹಾಕುವುದಿಲ್ಲ. ಸೈರನ್ ಕೂಗಿದರೆ ಅವನು ಎಲ್ಲರಿಗಿಂತ ಮೊದಲು ಬಂದು ನನ್ನೆದುರಿಗೇ ನಿಲ್ಲುತ್ತಾನೆ. ಹೆಸರು ಕರೆದರೆ ಮಾತ್ರ ತಕ್ಷಣ ಓ ಎನ್ನುವುದಿಲ್ಲ. ಹಿಂದಿನ ಸಾಲಿನ ಕಡೆ ತಿರುಗಿ, ಬೇರೆ ಯಾರಾದರೂ ಓ ಎನ್ನುತ್ತಾರೇನೋ ಎಂದು ಮೊದಲು ಕೇಳಿಸಿಕೊಳ್ಳುತ್ತಾನೆ.