ಮರ್ಲ್ ಕ್ವಾಮೆಯ ಹತ್ತಿ ಬಾವುಟ

ಏಪ್ರಿಲ್ ಹನ್ನೊಂದು, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಎಪ್ಪತ್ತೊಂದು ವರ್ಷದ ಆರ್ಡಿಸ್ ಕ್ವಾಮೆ ತಮ್ಮ ಮನೆಯ ಜಗುಲಿಯಲ್ಲಿ ನಿಂತು ಬಾಗಿಲ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಹಲಗೆಯ ಹಿಂದೆ ಮರದ ಕಂಬ ಇರುವಲ್ಲಿ ಸದ್ದು ದಪ್ಪಗಾಗುತ್ತದೆ. ಬಾವುಟದ ಕೋಲು ಸಿಕ್ಕಿಸುವ ಬ್ರಾಕೆಟ್ಟಿನ ಸ್ಕ್ರೂ ಅಲ್ಲಿಗೇ ಇಳಿಯಬೇಕು. ಅಮೆರಿಕದ ಉತ್ತರ ಡಕೋಟದ ಗಾಳಿ ಬರೀ ಹಲಗೆಗೆ ಬಗ್ಗುವುದಿಲ್ಲ.

ಎರಕದ ಅಲ್ಯೂಮಿನಿಯಂ ಬ್ರಾಕೆಟ್, ತುಕ್ಕು ಹಿಡಿಯದ ಮೂರಿಂಚಿನ ಸ್ಕ್ರೂ, ಬಟ್ಟೆ ಸುತ್ತಿಕೊಳ್ಳದಂತೆ ತಾನೇ ತಿರುಗುವ ಆರಡಿ ಕೋಲು, ಎಲ್ಲವನ್ನೂ ಮೂರು ದಿನ ಲೋವೆಲ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಆರಿಸಿದ್ದರು. ಬಾವುಟ ಮಾತ್ರ ಕೊಂಡಿರಲಿಲ್ಲ. ಅದು ಕುರ್ಚಿಯ ಮೇಲೆ ತ್ರಿಕೋನವಾಗಿ ಮಡಿಸಿಕೊಂಡು ಕೂತಿತ್ತು. ಮಾರ್ಚ್‌ನಲ್ಲಿ ಗಂಡ ಮರ್ಲ್‌ನ ಶವಪೆಟ್ಟಿಗೆಯ ಮೇಲಿಂದ ತೆಗೆದು, ಇಬ್ಬರು ಸೈನಿಕರು ಅವರ ಕೈಗಿತ್ತದ್ದು.

ಡ್ರಿಲ್ ಹಿಡಿದು ಬಂದ ಲೋವೆಲ್ ಅದನ್ನು ನೋಡಿ ನಿಂತ.

"ಆರ್ಡಿಸ್, ಅದನ್ನ ಏರಿಸ್ಬೇಡಿ. ಪೆಟ್ಟಿಗೆ ಮೇಲೆ ಹಾಸೋಕೆ ಅಂತ ಮಾಡಿದ್ದು. ಬರೀ ಹತ್ತಿ, ಗಾಳಿಗೆ ತಡೆಯಲ್ಲ, ಒಂಬತ್ತೂವರೆ ಅಡಿ ಉದ್ದ ಬೇರೆ. ಎರಡೆಳೆ ಪಾಲಿಯೆಸ್ಟರ್‌ದು ಚಿಕ್ಕದೊಂದು ಕೊಡ್ತೀನಿ. ಇದನ್ನ ಎಲ್ಲರ ಥರ ಗಾಜಿನ ಪೆಟ್ಟಿಗೇಲಿಡಿ."

"ಹಿಂದಿನ ರೂಮಲ್ಲಿ ಆರು ವರ್ಷ ಬಿದ್ದಿದ್ದ ಕಣೋ ಮರ್ಲ್. ಕಿಟಕಿ ತನಕ ಹೋಗೋಕಾಗ್ತಿರ್ಲಿಲ್ಲ. ಈಗ ಮತ್ತೆ ಪೆಟ್ಟಿಗೇಲಿ ಹಾಕ್ಲಾ?"

"ನಾನು ಬಟ್ಟೆ ವಿಷಯ ಹೇಳ್ದೆ."

"ನಿನ್ನ ಶಾಲೆ ನಾಟಕದ ಚಡ್ಡಿ ಹೊಲಿದೋಳಿಗೆ ಬಟ್ಟೆ ವಿಷಯ ಹೇಳ್ಬೇಡ. ಕೊರಿ."

ಲೋವೆಲ್ ಕೊರೆದ.

ಮರ್ಲ್ ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಸೈನಿಕನಾಗಿದ್ದವನು. ಆಮೇಲೆ ಇಪ್ಪತ್ತೊಂಬತ್ತು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದ. ಊರೆಲ್ಲ ಬಾಗಿಲು ಹಾಕಿಕೊಂಡಾಗ ಹೊರಡುತ್ತಿದ್ದವನು ಅವನು. ಪಾರ್ಶ್ವವಾಯು ಬಡಿದ ಮೇಲೆ ಅವನು ಕೇಳಿದ್ದು ಒಂದೇ, ಹೊರಗೆ ಕರೆದುಕೊಂಡು ಹೋಗೆಂದು. ಆರ್ಡಿಸ್‌ಗೆ ಅವನನ್ನು ಎತ್ತಲು ಆಗುತ್ತಿರಲಿಲ್ಲ. ನಾಳೆ ಲೋವೆಲ್‌ನನ್ನು ಕರೆಯೋಣ ಅನ್ನುತ್ತಿದ್ದರು. ಕರೆಯಲಿಲ್ಲ.

ಒಂಬತ್ತನೆಯ ದಿನ ಬಾವುಟದ ಹೊರ ಅಂಚು ಎಳೆ ಬಿಟ್ಟಿತು. ಆರ್ಡಿಸ್ ಐದಿಂಚು ಕತ್ತರಿಸಿ, ಮಡಚಿ, ನಾಲ್ಕು ಸಾಲು ಹೊಲಿಗೆ ಹಾಕಿದರು. ನೂರ ಹದಿನಾಲ್ಕು ಇಂಚು ಇದ್ದದ್ದು ನೂರ ಎಂಟಕ್ಕೆ ಇಳಿಯಿತು. ಮೇ ಕೊನೆಗೆ ಎಂಬತ್ತೆಂಟು. ಉದ್ದ ತಗ್ಗಿ ಮೆಟ್ಟಿಲ ಕಟಕಟೆಗೆ ಉಜ್ಜುವುದು ತಪ್ಪಿತು, ಹರಿಯುವುದು ತಪ್ಪಲಿಲ್ಲ.

"ಗಾಳಿ ಜೋರಿದ್ದಾಗ ಒಳಗೆ ತಗೊಳ್ಳಿ, ಸಾಕು," ಎಂದ ಲೋವೆಲ್. "ಎಲ್ಲರೂ ಹಾಗೇ ಮಾಡೋದು."

"ಗಾಳಿ ಜೋರಿದ್ದಾಗ್ಲೇ ಅವನು ಹೊರಗೆ ಹೋಗ್ತಿದ್ದಿದ್ದು."

ಕೋಲಿನ ಕಡೆಯಿಂದ ಅಳೆದರೆ ನಲವತ್ತಾರನೆಯ ಇಂಚಿಗೆ ನಕ್ಷತ್ರಗಳ ನೀಲಿ ಚೌಕ ಶುರುವಾಗುತ್ತದೆ. ಅಲ್ಲಿಂದಾಚೆಗೆ ಕತ್ತರಿ ಹಾಕುವಂತಿಲ್ಲ ಎಂದು ಆರ್ಡಿಸ್‌ಗೆ ಮೊದಲ ದಿನದಿಂದಲೂ ಗೊತ್ತಿತ್ತು. ಜುಲೈ ಮೂವತ್ತೊಂದರ ಸಂಜೆಯ ಆಲಿಕಲ್ಲು ಮಳೆ ಪಟ್ಟೆಗಳನ್ನು ಪೂರ್ತಿ ಸೀಳಿ, ನೀಲಿಯ ಒಂದು ಮೂಲೆಯನ್ನೂ ಒಯ್ದಿತು. ಲೋವೆಲ್ ಬಂದಾಗ ಅವರು ಹುಲ್ಲಿನಲ್ಲಿ ಮಂಡಿಯೂರಿ ಎಳೆಗಳನ್ನು ಆಯುತ್ತಿದ್ದರು.

"ಹೊಸದು ತಂದಿದೀನಿ. ಬ್ರಾಕೆಟ್ ಖಾಲಿ ಯಾಕೆ ಬಿಡೋದು?"

"ಅದು ಯಾರದು?"

"ಯಾರದೂ ಅಲ್ಲ. ಹೊಸದು."

"ಹಾಗಾದ್ರೆ ತಗೊಂಡ್ಹೋಗು."

ಹಳೆಯ ಬಾವುಟಗಳನ್ನು ನಮ್ಮೂರಲ್ಲಿ ಎಸೆಯುವುದಿಲ್ಲ. ಮಾಜಿ ಸೈನಿಕರ ಭವನದ ಬಾಗಿಲಲ್ಲಿ ಕಬ್ಬಿಣದ ಡಬ್ಬವೊಂದಿದೆ. ಅದರಲ್ಲಿ ಕೂಡಿದ್ದನ್ನು ಜೂನ್‌ನಲ್ಲಿ ಸೆಲ್ಯೂಟ್ ಹೊಡೆದು ಸುಡುತ್ತಾರೆ. ಮರುದಿನ ಆರ್ಡಿಸ್ ಚಿಂದಿ, ಎಳೆ, ಕತ್ತರಿಸಿಟ್ಟ ಪಟ್ಟಿಗಳನ್ನೆಲ್ಲ ದಿಂಬಿನ ಚೀಲದಲ್ಲಿ ತುಂಬಿ ಒಯ್ದರು. ಡಬ್ಬದ ಬಾಯಿಗೆ ಚೀಲ ಹಿಡಿಸಲಿಲ್ಲ. ಭವನ ನೋಡಿಕೊಳ್ಳುವ ಮುದುಕ ಬಂದು ಕೈಯಿಂದಲೇ ತೆಗೆದುಕೊಂಡ.

"ಮರ್ಲ್‌ದಲ್ವಾ ಇದು? ಈ ಮಾರ್ಚ್‌ನಲ್ಲಿ ಕೊಟ್ಟಿದ್ದು. ಇಷ್ಟು ಬೇಗ ಹೇಗೆ ಹೀಗಾಯ್ತಮ್ಮಾ?"

"ಬೇಗ ಏನಲ್ಲ," ಎಂದರು ಆರ್ಡಿಸ್. "ಆರು ವರ್ಷದಲ್ಲಿ ಒಂದು ದಿನಾನೂ ಅವನನ್ನ ಹೊರಗೆ ಕರ್ಕೊಂಡ್ಹೋಗೋಕೆ ನನ್ನ ಕೈಲಾಗ್ಲಿಲ್ಲ. ಈಗ ಹೊರಗಿಟ್ಟಿದ್ದೆ, ನೂರ ಹನ್ನೆರಡು ದಿನ."