ಗೋಡೆಯಾಚೆಯ ಟೆಕ್ಸಾಸ್

ಸಂಜೆ ನಾಲ್ಕು ಹತ್ತಕ್ಕೆ ಪಕ್ಕದ ಮನೆಯ ಡಾಕ್ಟರು ಸ್ಟಿಯರಿಂಗ್‌ನಿಂದ ಎರಡೂ ಕೈ ಎತ್ತಿದರು. ತರಕಾರಿ ತರಲು ಲಂಡನ್ನಿನ ಕೆಂಟನ್‌ನಿಂದ ಪಕ್ಕದ ಹ್ಯಾರೋಗೆ ನನ್ನನ್ನೂ ಕರೆದುಕೊಂಡು ಹೊರಟಿದ್ದರು. ಕಾರಿನ ಸ್ಪೀಕರ್‌ನಲ್ಲಿ ಟೆಕ್ಸಾಸ್‌ನ ಅವರ ತಮ್ಮ, ಮನೆಗೊಂದು ಬಂದೂಕು ಇರಲೇಬೇಕು ಎಂದು ವಾದಿಸುತ್ತಿದ್ದರು.

"ನಮಗೇನ ಆಗಬೇಕಾಗೇದಲೇ, ಆದರೂ ಒಂದ ಮಾತ ಕೇಳ," ಎಂದು ಡಾಕ್ಟರು ಎಂದಿನಂತೆ ಶುರು ಮಾಡಿದರು. ಅವರ ಮಾತಿಗೆ ಕೈಗಳು ಬೇಕೇ ಬೇಕು. ಕೆಂಪು ದೀಪ ದಾಟಿಬಿಟ್ಟೆವು. ಲಾರಿಯೊಂದು ನನ್ನ ಬಾಗಿಲಿನಿಂದ ಗೇಣು ದೂರದಲ್ಲಿ ಕಿರುಚಿ ನಿಂತಿತು.

"ನಿಮಗ ಏನರ ಆಗಿದ್ರ," ಎನ್ನುತ್ತ ಫೋನ್ ಆರಿಸಿದರು.

ಧಾರವಾಡದ ಆ ಅಣ್ಣತಮ್ಮಂದಿರಿಗೆ ಅಮೆರಿಕದಲ್ಲಿ ವೋಟೇ ಇರಲಿಲ್ಲ. ಆದರೂ ಅಲ್ಲಿಯ ರಾಜಕೀಯಕ್ಕಾಗಿ ದಿನವೂ ಫೋನಿನಲ್ಲಿ ಜಗಳವಾಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಡಾಕ್ಟರ ಮನೆಯಲ್ಲಿ ಕೇಳುತ್ತಿದ್ದ ಮಾತು ಅದೊಂದೇ.

ಆಮೇಲೆ ಅವರು ತಮ್ಮನ ಫೋನ್ ಎತ್ತಲೇ ಇಲ್ಲ. ಅದು ರಿಂಗಾಗಿ ನಿಲ್ಲುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನನಗೋ, ನಿದ್ದೆಯಲ್ಲಿ ದಿನವೂ ಅದೇ ಲಾರಿಯ ಬ್ರೇಕು ಕಿರುಚಿ ಎಚ್ಚರವಾಗುತ್ತಿತ್ತು.

ಮೂರನೆಯ ವಾರ ಅವರ ಬಾಗಿಲು ತಟ್ಟಿ, "ಮನೇಲೇ ಕೂತ್ಕೊಂಡು ಜಗಳ ಆಡಿ ಸರ್, ಇಲ್ಲಿಗೆ ಲಾರಿ ಬರಲ್ಲ," ಎಂದೆ.

ಭಾನುವಾರ ಸಂಜೆ ಗೋಡೆಯಾಚೆ ದನಿ ಏರಿತು: "ನಮಗೇನ ಆಗಬೇಕಾಗೇದಲೇ..."

ಅಂದು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.